ಹೆಸರಿಲ್ಲದ ಆಕ್ಷೇಪ

ಶನಿವಾರದ ಅಹವಾಲು ಪಟ್ಟಿಯಲ್ಲಿ ಹನ್ನೊಂದು ಇಪ್ಪತ್ತರ ಎದುರಿಗೆ ಹೆತ್ತ ತಾಯಿಯ ಹೆಸರು ಕಂಡಾಗ ಹೊಸ ಸಂಸದ ಆಲ್ವಿನ್ ಕ್ರಾಬ್‌ಟ್ರೀಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ‘ಶ್ರೀಮತಿ ಈನಿಡ್ ಕ್ರಾಬ್‌ಟ್ರೀ. ವಿಷಯ: ಬಸ್ಸು’ ಎಂದು ಮ್ಯಾಕ್ಸಿನ್ ದುಂಡಗೆ ಬರೆದಿದ್ದಳು. ಮ್ಯಾಕ್ಸಿನ್ ಅವನ ಕಚೇರಿ ನೋಡಿಕೊಳ್ಳುವವಳು. ಅವನು ಭೂಗೋಳ ಕಲಿಸುತ್ತಿದ್ದ ಶಾಲೆಯಲ್ಲೇ ಇಪ್ಪತ್ತು ವರ್ಷ ಮಕ್ಕಳಿಗೆ ಊಟ ಬಡಿಸಿದವಳು. ಚುನಾವಣೆಯಲ್ಲಿ ಅವನ ಬೆನ್ನು ಹತ್ತಿ ಮನೆಮನೆ ಸುತ್ತಿಸಿದವಳೂ ಅವಳೇ.

“ಇದೇನಿದು? ನಮ್ಮಮ್ಮ ಯಾಕೆ ಪಟ್ಟೀಲಿ?”

“ಯಾಕೆ ಮೇಷ್ಟ್ರೇ, ಅವ್ರು ಮತದಾರರಲ್ವಾ? ಫೋನ್ ಮಾಡಿ ಟೈಮ್ ಕೇಳಿದ್ರು, ಕೊಟ್ಟೆ.”

ಥಾರ್ನ್‌ಬೆಕ್ ಊರಿನ ಗ್ರಂಥಾಲಯದಲ್ಲಿ, ಮಕ್ಕಳ ಪುಸ್ತಕಗಳ ಮೂಲೆಯಲ್ಲಿ, ಮೊಳಕಾಲೆತ್ತರದ ಕುರ್ಚಿಗಳ ನಡುವೆ ಅವನ ದರ್ಬಾರು. ಫೆಬ್ರವರಿ ತಿಂಗಳು, ಹೊರಗೆ ಆಲಿಕಲ್ಲು. ಅಷ್ಟರಲ್ಲಾಗಲೇ ಮೂವರು ಬಂದುಹೋಗಿದ್ದರು. ಮೊದಲನೆಯವನಿಗೆ ಪಕ್ಕದ ಮನೆಯ ಬೇಲಿ ಎತ್ತರವಾಯಿತೆಂಬ ದುಃಖ. ಎರಡನೆಯವಳು ನಾಯಿಯ ಹೇಲಿನ ಫೋಟೋಗಳನ್ನು ತಾರೀಖಿನ ಪ್ರಕಾರ ಜೋಡಿಸಿ ತಂದಿದ್ದಳು. ಮೂರನೆಯವನು ತಾನು ಆಲ್ವಿನ್‌ಗೆ ಓಟು ಹಾಕಿಲ್ಲ, ಮುಂದೆಯೂ ಹಾಕುವುದಿಲ್ಲ ಎಂದು ಹೇಳುವುದಕ್ಕೆಂದೇ ನಲವತ್ತು ನಿಮಿಷ ಸಾಲಿನಲ್ಲಿ ಕೂತಿದ್ದ. ಎಲ್ಲರಿಗೂ ಆಲ್ವಿನ್ ತಲೆಯಾಡಿಸಿದ, ಬರೆದುಕೊಂಡ, ಪತ್ರ ಬರೆಯುತ್ತೇನೆಂದ. ಸಂಸದನಾದ ಏಳು ತಿಂಗಳಲ್ಲಿ ಅವನು ಚೆನ್ನಾಗಿ ಕಲಿತದ್ದು ತಲೆಯಾಡಿಸುವುದನ್ನೇ.

ಈನಿಡ್ ಬಂದು ಚಿಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

“ಅಮ್ಮಾ, ಮಧ್ಯಾಹ್ನ ನಾನೇ ಮನೆಗೆ ಬರ್ತಿದ್ನಲ್ಲ.”

“ಮನೆಗೆ ಬಂದ್ರೆ ನೀನು ಫೋನ್ ನೋಡ್ತೀಯ. ಇಲ್ಲಿ ಹತ್ತು ನಿಮಿಷ ಫೋನ್ ಮುಟ್ಟೋ ಹಾಗಿಲ್ವಂತೆ, ಮ್ಯಾಕ್ಸಿನ್ ಹೇಳಿದ್ಲು. ಆ ಹತ್ತು ನಿಮಿಷ ನನಗೆ ಬೇಕು.”

ಆಕೆಯ ಅಹವಾಲು ಹೊಸದೇನಲ್ಲ. ಗಂಡ ವಿಲ್ಫ್‌ಗೆ ಮರೆವಿನ ರೋಗ. ಎರಡು ವರ್ಷದಿಂದ ಗುಡ್ಡದ ಮೇಲಿನ ವೃದ್ಧಾಲಯದಲ್ಲಿದ್ದಾನೆ. ಅಲ್ಲಿಗೆ ಹೋಗುತ್ತಿದ್ದ ಮೂವತ್ತೆಂಟನೇ ನಂಬರ್ ಬಸ್ಸು ಹೋದ ವರ್ಷ ನಿಂತುಹೋಯಿತು. ಊರಿನ ಒಂದೇ ಒಂದು ಟ್ಯಾಕ್ಸಿ ಬೆಳಗಿನಿಂದ ಸಂಜೆಯವರೆಗೆ ಶಾಲೆಯ ಮಕ್ಕಳನ್ನು ಹೊರುತ್ತದೆ. ನಡೆದರೆ ಎರಡು ಮೈಲಿ, ಎಲ್ಲಾ ಏರು. ಮೇಲಕ್ಕೆ ಹೋಗುವ ಯಾವುದಾದರೂ ಗಾಡಿ ಸಿಕ್ಕ ದಿನ ಮಾತ್ರ ಆಕೆ ಹೋಗಿಬರುತ್ತಿದ್ದಳು. ಈನಿಡ್‌ಳ ಸೊಂಟದ ಮೂಳೆ ಅವಳ ಮಾತು ಕೇಳದೆ ಎಷ್ಟೋ ಕಾಲವಾಗಿತ್ತು.

“ದಿನಾ ಹೋದ್ರೆ ನಿಮ್ಮಪ್ಪ ನನ್ನ ಗುರುತು ಇಟ್ಕೋತಾರೆ,” ಎಂದಳು ಈನಿಡ್. “ಎರಡು ದಿನ ಬಿಟ್ರೆ ಯಾರು ನೀವು ಅಂತಾರೆ. ಮತ್ತೆ ಮೂರು ದಿನ ಹೋಗಿ ಕೂತು, ಹಳೇ ಕಥೆಯೆಲ್ಲ ಹೇಳಿ ಹೇಳಿ ಹಾದಿಗೆ ತರ್ಬೇಕು. ಒಂದ್ಸಲ ಪೂರ್ತಿ ತಪ್ಪಿಹೋದ್ರೆ ಆಮೇಲೆ ನೀನು ಬಸ್ಸು ತಂದು ಏನು ಮಾಡ್ತೀಯ? ಹೂವಿನ ಹಾರ ಹಾಕ್ತೀಯಾ ಅದಕ್ಕೆ?”

“ಪ್ರಯತ್ನ ಮಾಡ್ತಾನೇ ಇದೀನಮ್ಮಾ.”

“ನಿನ್ನ ಕರಪತ್ರಾನ ಆರುನೂರು ಮನೆಗೆ ಹಂಚಿದವಳು ನಾನು. ಅದರ ಮೇಲೆ ಏನಿತ್ತು ಅಂತ ನಿನಗೆ ನೆನಪಿದೆಯೋ, ಅಥವಾ ನಿನಗೂ ಅಪ್ಪನ ಥರವೋ?”

ಕರಪತ್ರದ ಮೇಲಿದ್ದದ್ದು ಖಾಲಿ ಬಸ್ ನಿಲ್ದಾಣದಲ್ಲಿ ನಿಂತ ಆಲ್ವಿನ್‌ನ ಚಿತ್ರ, ಕೆಳಗೆ ‘ಮೂವತ್ತೆಂಟನ್ನು ಮರಳಿ ತರುವೆ’ ಎಂಬ ಒಂದೇ ಸಾಲು. ಅವನು ಗೆದ್ದದ್ದು ಇನ್ನೂರ ಹನ್ನೊಂದು ಮತಗಳಿಂದ. ಆ ಇನ್ನೂರ ಹನ್ನೊಂದೂ ಬಸ್ಸಿನ ಮತಗಳೇ ಎಂದು ಮ್ಯಾಕ್ಸಿನ್ ವಾರಕ್ಕೊಮ್ಮೆ ನೆನಪಿಸುತ್ತಿದ್ದಳು.

ಊರವರಿಗೆ ಏನು ಗೊತ್ತು ಅವನ ಪಾಡು? ಆರಿಸಿಬಂದವನಿಗೆ ಲಂಡನ್ನಿನಲ್ಲಿ ಆರು ವಾರ ಒಂದು ಮೇಜು ಸಿಗಲಿಲ್ಲ. ಮೆಟ್ಟಿಲ ಕೆಳಗೆ ಕೂತು, ಮೊಣಕಾಲ ಮೇಲೆ ಕಾಗದವಿಟ್ಟುಕೊಂಡು ಮತದಾರರಿಗೆ ಉತ್ತರ ಬರೆದ. ಆದರೆ ಕೋಟು ತೂಗಿಡುವ ಕಡೆ ಅವನ ಹೆಸರಿನ ಗೂಟವೊಂದು ಮೊದಲ ದಿನವೇ ಸಿದ್ಧವಾಗಿತ್ತು. ಅದಕ್ಕೊಂದು ಗುಲಾಬಿ ಬಣ್ಣದ ರಿಬ್ಬನ್ನು. ಯಾಕೆಂದು ಕೇಳಿದರೆ, ಹಿಂದಿನ ಕಾಲದ ಪದ್ಧತಿ, ತಮ್ಮ ಕತ್ತಿಯನ್ನು ಇಲ್ಲಿ ಕಟ್ಟಬಹುದು ಸ್ವಾಮಿ, ಎಂದರು. ಕೂರಲು ಕುರ್ಚಿಯಿಲ್ಲ, ಕತ್ತಿ ಕಟ್ಟಲು ರಿಬ್ಬನ್ನಿದೆ. ಗಂಟೆ ಬಾರಿಸಿದರೆ ಎಂಟು ನಿಮಿಷದೊಳಗೆ ಓಡಿಹೋಗಿ ಮತ ಹಾಕಬೇಕು. ಯಾತಕ್ಕೆ ಮತ ಎಂಬುದನ್ನು ಓಡುವಾಗ ಪಕ್ಕದವರನ್ನು ಕೇಳಿ ತಿಳಿಯಬೇಕು, ಅವರಿಗೂ ಗೊತ್ತಿರುವುದಿಲ್ಲ. ಸದನದಲ್ಲಿ ಮೊದಲ ಭಾಷಣ ಮಾಡುವವನು ಜಗಳದ ಮಾತಾಡಬಾರದು, ತನ್ನ ಕ್ಷೇತ್ರದ ಹಿಂದಿನ ಸಂಸದನನ್ನು ಹೊಗಳಬೇಕೆಂಬುದು ಅಲ್ಲಿನ ಪದ್ಧತಿ. ಹಿಂದಿನವನು ಕುರ್ಚಿಯಲ್ಲಿ ನಿದ್ದೆ ಹೊಡೆಯುತ್ತಿದ್ದಾಗಲೇ ಬಸ್ಸು ನಿಂತದ್ದು. ಅಂಥವನ ‘ಸದಾ ಜಾಗೃತ ಸೇವೆ’ಯನ್ನು ಆಲ್ವಿನ್ ಎದ್ದು ನಿಂತು ಕೊಂಡಾಡಿದ. ಅದನ್ನು ಟಿ.ವಿ.ಯಲ್ಲಿ ನೋಡಿದ ಈನಿಡ್ ಎರಡು ದಿನ ಅವನ ಫೋನು ಎತ್ತಲಿಲ್ಲ.

ಆದರೆ ಈ ಸಲ ಅವನ ಬಳಿ ಹೇಳಲು ನಿಜವಾದ ಸುದ್ದಿಯಿತ್ತು. ವಿರೋಧ ಪಕ್ಷದ ಹಳೆಯ ಹುಲಿ ಡೆಸ್ಮಂಡ್ ಪಿಮ್ ಎಂಬವರು ಒಂದು ಖಾಸಗಿ ಮಸೂದೆ ತಂದಿದ್ದರು: ಆಸ್ಪತ್ರೆಗೆ, ವೃದ್ಧಾಲಯಕ್ಕೆ ಹೋಗುವ ದಾರಿಯಲ್ಲಿ ದಿನಕ್ಕೆ ಎರಡು ಬಸ್ಸಾದರೂ ಓಡಲೇಬೇಕು.

“ಮಾರ್ಚ್ ಎರಡನೇ ಶುಕ್ರವಾರ ಬರುತ್ತಮ್ಮ,” ಎಂದ. “ಮಧ್ಯಾಹ್ನ ಎರಡೂವರೆಗೆ. ಚರ್ಚೆಗೆ ಸಮಯ ಸಿಗದೆ ಉಳಿದ ಮಸೂದೆಗಳ ಹೆಸರನ್ನ ಒಂದೊಂದಾಗಿ ಓದ್ತಾರೆ. ಯಾರೂ ‘ಆಕ್ಷೇಪ’ ಅನ್ನದೆ ಇದ್ರೆ ಸಾಕು, ಮುಂದಕ್ಕೆ ಹೋಗುತ್ತೆ.”

“ಒಬ್ಬ ಅಂದ್ರೂ?”

“ಒಬ್ಬ ಅಂದ್ರೂ ಬಿತ್ತು.”

“ಕಾರಣ ಹೇಳ್ಬೇಕಾ?”

“ಇಲ್ಲ.”

ಈನಿಡ್ ಕೈಚೀಲ ಎತ್ತಿಕೊಂಡಳು. “ಒಳ್ಳೇ ಮನೆಗೆ ಕಳಿಸಿದೀನಪ್ಪ ನಿನ್ನ,” ಎಂದು ಎದ್ದಳು. ಆ ಶುಕ್ರವಾರದ ತಾರೀಖನ್ನು ಮಾತ್ರ ಮ್ಯಾಕ್ಸಿನ್‌ಳಿಂದ ಬರೆಸಿಕೊಂಡು ಹೋದಳು.

ಮಾರ್ಚ್ ಎರಡನೇ ಗುರುವಾರ ಆಲ್ವಿನ್‌ಗೆ ಸಚೇತಕಿ ಫೆನೆಲಾಳಿಂದ ಕರೆ ಬಂತು. ಆಲ್ವಿನ್ ಸೇರಿದ ಆಳುವ ಪಕ್ಷದ ಸದಸ್ಯರನ್ನು ಸಾಲಿನಲ್ಲಿ ನಿಲ್ಲಿಸುವುದು ಆಕೆಯ ಕೆಲಸ. ಗದರುವ ಪೈಕಿಯಲ್ಲ, ಬಿಸ್ಕತ್ತು ಮುಂದಿಟ್ಟು, ಮನೆಯವರ ಕ್ಷೇಮ ಕೇಳಿ, ಆಮೇಲೆ ಕುತ್ತಿಗೆಗೆ ಕೈ ಹಾಕುವವಳು.

“ನಾಳೆ ನೀವು ಊರಿಗೆ ಹೋಗ್ಬೇಡಿ ಆಲ್ವಿನ್. ಎರಡೂವರೆಗೆ ಸದನದಲ್ಲಿ ಒಂದು ಸಣ್ಣ ಕೆಲಸ ಇದೆ. ಒಂದೇ ಒಂದು ಮಾತಿನ ಕೆಲಸ.” ಆಕೆ ಪಟ್ಟಿಯೊಂದನ್ನು ಮುಂದೆ ಸರಿಸಿದಳು. “ಹನ್ನೊಂದು ಮಸೂದೆ ಇದೆ. ಹೆಸರು ಓದಿದ ತಕ್ಷಣ ‘ಆಕ್ಷೇಪ’ ಅನ್ಬೇಕು. ಯಾವಾಗ್ಲೂ ನಮ್ಮಲ್ಲೊಬ್ಬರು ಹೇಳೋರು. ಈ ಸಲ ಹೊಸಬರಿಗೆ ಕೊಡೋಣ ಅಂತ.”

ಒಂಬತ್ತನೆಯದು ಪಿಮ್ ಅವರ ಬಸ್ಸು.

“ಇದು ನಮ್ಮೂರಿನ ಬಸ್ಸು,” ಎಂದ ಆಲ್ವಿನ್. “ನಾನು ಆರಿಸಿ ಬಂದಿದ್ದೇ ಇದಕ್ಕೆ. ಇದನ್ನ ನಾನೇ ಹೇಗೆ ಬೀಳಿಸ್ಲಿ?”

“ನೀವು ಹೇಳದಿದ್ರೆ ಇನ್ನೊಬ್ಬರು ಹೇಳ್ತಾರೆ. ಅದು ನಾಳೆ ಹೇಗೂ ಬೀಳುತ್ತೆ. ಸರ್ಕಾರ ಬಸ್ಸಿನ ವಿರೋಧಿ ಅಲ್ಲ. ನಾವೇ ಒಂದು ದೊಡ್ಡ ಮಸೂದೆ ತರ್ತೀವಿ, ಸೂಕ್ತ ಸಮಯದಲ್ಲಿ.”

“ಯಾವಾಗ ಆ ಸೂಕ್ತ ಸಮಯ?”

ಫೆನೆಲಾ ಬಿಸ್ಕತ್ತಿನ ತಟ್ಟೆಯನ್ನು ಇನ್ನೂ ಒಂದಿಷ್ಟು ಅವನ ಕಡೆ ತಳ್ಳಿದಳು. “ನೋಡಿ, ನಾಳೆ ನೀವು ನಮ್ಮ ಮಾತು ಉಳಿಸಿದ್ರೆ ಬುಧವಾರ ಸಾರಿಗೆ ಮಂತ್ರಿಗಳ ಹತ್ರ ಅರ್ಧ ಗಂಟೆ ಕೊಡಿಸ್ತೀನಿ. ನೀವು, ಅವರು, ನಿಮ್ಮ ಮೂವತ್ತೆಂಟು. ಇಲ್ಲ ಅಂದ್ರೆ ಮಸೂದೆಯೂ ಇಲ್ಲ, ಭೇಟಿಯೂ ಇಲ್ಲ. ಇನ್ನೊಂದು ವಿಷಯ: ಹೇಳಿದವರ ಹೆಸರು ಕಡತದಲ್ಲಿ ಬರಲ್ಲ. ‘ಆಕ್ಷೇಪ ಬಂತು’ ಅಂತ ಅಷ್ಟೇ ಬರೀತಾರೆ. ಕ್ಯಾಮೆರಾ ಆಗ ಸ್ಪೀಕರ್ ಕುರ್ಚಿ ಕಡೆ ಇರುತ್ತೆ. ಯಾರಿಗೂ ಗೊತ್ತಾಗಲ್ಲ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೆ ಇಂಥ ಪದ್ಧತಿ. ಆಲ್ವಿನ್‌ಗೆ ಮೈ ಉರಿಯಿತು. ಸಿಟ್ಟು ಅವಳ ಮೇಲಲ್ಲ, ಅವಳ ಲೆಕ್ಕ ಸರಿಯಾಗಿಯೇ ಇತ್ತಲ್ಲ, ಅದರ ಮೇಲೆ. ಹೇಗೂ ಸಾಯುವ ಮಸೂದೆ. ಸತ್ತದ್ದರಿಂದ ಅರ್ಧ ಗಂಟೆಯಾದರೂ ಗಿಟ್ಟಿದರೆ ಲಾಭವೇ. ಹೀಗೆ ಯೋಚಿಸುತ್ತಿದ್ದೇನಲ್ಲ ಎಂದು ತನ್ನ ಮೇಲೂ ಸಿಟ್ಟು ಬಂತು. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮ್ಯಾಕ್ಸಿನ್‌ಗೆ ಫೋನ್ ಮಾಡಿದ. ಅವಳು ಪೂರ್ತಿ ಕೇಳಿಸಿಕೊಂಡಳು.

“ಮೇಷ್ಟ್ರೇ, ಜ್ವರ ಬಂತು ಅಂತ ಹೇಳಿ ಊರಿಗೆ ಬನ್ನಿ. ಆ ಮಾತು ಬೇರೆಯವ್ರ ಬಾಯಲ್ಲಿ ಬರ್ಲಿ.”

“ಭೇಟಿ ಹೋಗುತ್ತೆ ಮ್ಯಾಕ್ಸಿನ್.”

“ಹೋಗ್ಲಿ. ನಿಮ್ಮಮ್ಮನ ಮುಖ ನೋಡೋದು ಉಳಿಯುತ್ತೆ.”

“ಅಮ್ಮನಿಗಾಗೇ ಮಾಡ್ತಿರೋದು ಇದೆಲ್ಲ.”

“ಹಾಗಾದ್ರೆ ಅವರಿಗೆ ನೀವೇ ಫೋನ್ ಮಾಡಿ ಹೇಳಿ. ನನ್ನ ಕೈಲಾಗಲ್ಲ.”

ಅವನು ಮಾಡಲಿಲ್ಲ. ಬುಧವಾರದ ಭೇಟಿ ಮುಗಿಯಲಿ, ಬಸ್ಸು ಬಂದೇ ಬರುತ್ತದೆ, ಬಂದ ಮೇಲೆ ಇದನ್ನೆಲ್ಲ ಯಾರು ಕೇಳುತ್ತಾರೆ ಎಂದುಕೊಂಡ.

ಶುಕ್ರವಾರ ಎರಡೂವರೆಗೆ ಸದನದಲ್ಲಿ ಇಪ್ಪತ್ತು ಜನವೂ ಇರಲಿಲ್ಲ. ಉಳಿದವರೆಲ್ಲ ತಂತಮ್ಮ ಊರಿನ ರೈಲು ಹಿಡಿದಿದ್ದರು. ಹಸಿರು ಬೆಂಚುಗಳು ಬಿಕೋ ಎನ್ನುತ್ತಿದ್ದವು. ಗುಮಾಸ್ತ ಎದ್ದು ಮೊದಲ ಮಸೂದೆಯ ಹೆಸರು ಓದಿದ.

“ಆಕ್ಷೇಪ,” ಎಂದ ಆಲ್ವಿನ್.

ಹಿಂದಿನ ಬೆಂಚಿನ ಹುಡುಗರಿಗೂ ಕೇಳುವಂತೆ ಹತ್ತೊಂಬತ್ತು ವರ್ಷ ಪಾಠ ಮಾಡಿದ ಗಂಟಲು ಅದು. ಮೆಲ್ಲಗೆ ಹೇಳಬೇಕೆಂದುಕೊಂಡದ್ದು ಹೆಂಚು ಹಾರುವಂತೆ ಬಂತು. ಸ್ಪೀಕರ್ ಕುರ್ಚಿಯಲ್ಲಿದ್ದ ಉಪ ಸ್ಪೀಕರ್ ಕೂಡ ಒಮ್ಮೆ ತಲೆಯೆತ್ತಿ ನೋಡಿದರು. ಎರಡನೆಯದು: ಆಕ್ಷೇಪ. ಮೂರನೆಯದು ಸಾಕುಪ್ರಾಣಿಗಳದ್ದು, ನಾಲ್ಕನೆಯದು ಶಾಲೆಯ ಹಾಲಿನದ್ದು, ಆಕ್ಷೇಪ, ಆಕ್ಷೇಪ. ಐದು ದಾಟಿದ ಮೇಲೆ ನಾಲಿಗೆಗೆ ಅದು ರೂಢಿಯಾಯಿತು. ಹಾಜರಿ ಕರೆದಷ್ಟು ಸಲೀಸು.

ಒಂಬತ್ತನೆಯದನ್ನು ಓದಿದಾಗ ಎದುರು ಬೆಂಚಿನಲ್ಲಿ ಪಿಮ್ ಎದ್ದು ನಿಂತರು. ಮೊನ್ನೆಯಷ್ಟೇ ಆಲ್ವಿನ್‌ಗೆ ಚಹಾ ಕೊಡಿಸಿ, ನಿಮ್ಮಂಥ ಯುವಕರ ಬೆಂಬಲವಿದ್ದರೆ ನನಗೆ ಆನೆಬಲ ಎಂದಿದ್ದ ಮನುಷ್ಯ. ಅವರ ಕಣ್ಣು ಆಲ್ವಿನ್ ಮೇಲೆಯೇ ಇತ್ತು. ಎರಡು ಕ್ಷಣ ಬಸ್ಸು ಬದುಕಿತ್ತು. ಹಿಂದಿನಿಂದ ಫೆನೆಲಾ ಸಣ್ಣಗೆ ಕೆಮ್ಮಿದಳು.

“ಆಕ್ಷೇಪ,” ಎಂದ ಆಲ್ವಿನ್.

ಪಿಮ್ ಬೈಯಲಿಲ್ಲ, ಕೈ ತೋರಿಸಲಿಲ್ಲ. ಪದ್ಧತಿಯಂತೆ ಮಸೂದೆಗೆ ಹೊಸ ತಾರೀಖು ಹೇಳಿ, ಕಾಗದ ಮಡಚಿಕೊಂಡು ಕೂತರು. ಬೈದಿದ್ದರೆ ಚೆನ್ನಾಗಿತ್ತು. ಉಳಿದ ಎರಡನ್ನೂ ಮುಗಿಸಿ ಆಲ್ವಿನ್ ರೈಲು ಹತ್ತಿದ. ಡಾನ್‌ಕಾಸ್ಟರ್ ಹತ್ತಿರ ಹಳಿಯ ತೊಂದರೆಯೆಂದು ರೈಲು ಎರಡು ಗಂಟೆ ನಿಂತಿತು. ಪಕ್ಕದಲ್ಲಿ ಕೂತಿದ್ದವನು ಅವನ ಗುರುತು ಹಿಡಿದು, ಈ ದೇಶದ ಸಾರಿಗೆ ಯಾಕೆ ಹೀಗೆ ಹಾಳಾಗಿದೆ ಎಂದು ಆ ಎರಡು ಗಂಟೆಯೂ ಕೇಳಿದ.

ಪ್ರತಿ ಶನಿವಾರ ಮಧ್ಯಾಹ್ನ ತಾಯಿಯನ್ನು ಕಾರಿನಲ್ಲಿ ಗುಡ್ಡದ ಮೇಲೆ ಕರೆದೊಯ್ಯುವುದು ಅವನ ಕ್ರಮ. ಆ ಶನಿವಾರ ಹೋದಾಗ ಬಾಗಿಲಿಗೆ ಬೀಗ. ಪಕ್ಕದ ಮನೆಯವಳು ಕಿಟಕಿಯಿಂದಲೇ ಹೇಳಿದಳು: “ನಿಮ್ಮಮ್ಮ ಹನ್ನೊಂದಕ್ಕೇ ಹೊರಟರು ಕಣಪ್ಪ. ನಡ್ಕೊಂಡೇ. ಆಲ್ವಿನ್ ಬರ್ತಾನಲ್ಲ, ಇರಿ ಅಂದೆ. ಕೇಳಿಸದವರ ಹಾಗೆ ಹೋದರು.”

ಅವನು ತಿರುಗಿ ಕಾರು ಹತ್ತಿದ. ಅಮ್ಮನಿಗೆ ಗೊತ್ತಾಗಿಬಿಟ್ಟಿದೆ. ಆದರೆ ಹೇಗೆ? ಹೆಸರಿಲ್ಲ, ಮುಖವಿಲ್ಲ. ಮ್ಯಾಕ್ಸಿನ್ ಬಾಯಿಬಿಡುವವಳಲ್ಲ. ದಾರಿಯುದ್ದಕ್ಕೂ ಇದನ್ನೇ ಯೋಚಿಸುತ್ತ ಗುಡ್ಡ ಹತ್ತಿದ. ಸದಸ್ಯರ ಗುಟ್ಟು ಕಾಯುವುದಕ್ಕೆಂದೇ ನಾಲ್ಕು ನೂರು ವರ್ಷದ ಪದ್ಧತಿಗಳಿರುವ ಸದನ ಅದು. ಥಾರ್ನ್‌ಬೆಕ್‌ನ ಒಬ್ಬ ಮುದುಕಿ ಒಂದೇ ರಾತ್ರಿಯಲ್ಲಿ ಅದನ್ನು ಒಡೆದದ್ದಾದರೂ ಹೇಗೆ?

ವೃದ್ಧಾಲಯದ ದೊಡ್ಡ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಗೋಡೆಗುಂಟ ಕುರ್ಚಿಗಳಲ್ಲಿ ಕೂತಿದ್ದರು. ಕಿಟಕಿಯ ಬಳಿ ವಿಲ್ಫ್. ಹೊಸದಾಗಿ ಗಡ್ಡ ಕೆರೆದು, ತಲೆ ಬಾಚಿ, ಟೈ ಕಟ್ಟಿದ್ದ. ವಿಲ್ಫ್ ಟೈ ಕಟ್ಟಿ ಒಂದು ವರ್ಷದ ಮೇಲಾಗಿತ್ತು. ಪಕ್ಕದಲ್ಲಿ ಈನಿಡ್, ಇನ್ನೂ ಕೋಟು ಬಿಚ್ಚಿರಲಿಲ್ಲ.

ವಿಲ್ಫ್ ಬಿಸ್ಕತ್ತು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಾರ್ಮಿಕರ ಮುಂದಾಳಾಗಿದ್ದವನು. ಮಾಲೀಕರು ಬಾಯಿ ತೆರೆಯುವ ಮೊದಲೇ ‘ಆಗಲ್ಲ’ ಎನ್ನುವವನೆಂದು ಊರಿಗೆಲ್ಲ ಹೆಸರಾಗಿದ್ದ. ಮಗ ಎಲ್ಲದಕ್ಕೂ ಹೂಂ ಎನ್ನುವ ಮೆತ್ತಗಿನವನಾದನಲ್ಲ ಎಂಬ ಕೊರಗು ಅವನಿಗೆ ಮೊದಲಿನಿಂದ ಇತ್ತು. ಈಗ ಆಲ್ವಿನ್ ಎದುರು ಬಂದು ನಿಂತಾಗ ಮರ್ಯಾದೆಯಿಂದ ತಲೆಬಾಗಿ, ಕುರ್ಚಿ ತೋರಿಸಿದ.

“ಕೂತ್ಕೊಳಪ್ಪ. ಬಾಯ್ಲರ್ ರಿಪೇರಿಗೆ ಬಂದೆಯಾ? ಅದು ಆಮೇಲೆ. ನಮ್ಮ ಹುಡುಗನ ವಿಷಯ ಕೇಳಿದ್ಯಾ? ಪಾರ್ಲಿಮೆಂಟಲ್ಲಿದ್ದಾನೆ. ನಿನ್ನೆ ಅಷ್ಟೂ ದೊಡ್ಡ ಮನುಷ್ಯರ ಎದುರಿಗೆ ನಿಂತು ಆಗಲ್ಲ ಅಂದುಬಿಟ್ಟ. ಒಂದ್ಸಲ ಅಲ್ಲ, ಹನ್ನೊಂದು ಸಲ. ನಾನು ಎಣಿಸಿದೆ.”

ಆಲ್ವಿನ್ ತಾಯಿಯ ಕಡೆ ನೋಡಿದ. ಈನಿಡ್ ಅವನತ್ತ ತಿರುಗದೆ, ಹವಾಮಾನದ ಸುದ್ದಿ ಹೇಳುವವಳಂತೆ ಹೇಳತೊಡಗಿದಳು.

“ನಿನ್ನೆ ಮೀನು ತರೋ ವ್ಯಾನಿನವನು ನನ್ನ ಮೇಲಕ್ಕೆ ಬಿಟ್ಟ. ಮೂರು ದಿನ ಬರಕ್ಕಾಗಿರ್ಲಿಲ್ಲ, ಹಿಮ ಇತ್ತು. ಬಸ್ಸಿನ ಮಸೂದೆ ಬರುತ್ತೆ, ಎಲ್ಲರೂ ನೋಡೋಣ ಅಂತ ನಾನೇ ಇಲ್ಲಿ ಟಿ.ವಿ. ಹಾಕಿಸಿದ್ದು. ಸೀರಿಯಲ್ ಬೇಕು ಅಂತ ಅತ್ತವರನ್ನೂ ಸಮಾಧಾನ ಮಾಡಿ ಕೂರಿಸಿದೆ. ಇವರು ಆ ಕಡೆ ಗೋಡೆ ನೋಡ್ಕೊಂಡು ಕೂತಿದ್ರು. ಮೊದಲನೇ ‘ಆಕ್ಷೇಪ’ ಬಂತು ನೋಡು, ತಟ್ಟನೆ ಎದ್ದು ನಿಂತರು. ಇದು ನಮ್ಮ ಆಲ್ವಿನ್ನು ಅಂದರು. ಎರಡು ತಿಂಗಳಿಂದ ನಿನ್ನ ಹೆಸರು ಅವರ ಬಾಯಲ್ಲಿ ಬಂದಿರಲಿಲ್ಲ. ಟಿ.ವಿ.ಲಿ ನೀನು ಇರಲಿಲ್ಲ, ಯಾವಳೋ ಹೆಂಗಸು ಕುರ್ಚಿ ಮೇಲೆ ಕೂತಿದ್ಲು. ಆದರೂ ಹಿಡಿದ್ರು.”

ಆಕೆ ಕೈಗವಸನ್ನು ಬಿಚ್ಚಿ ಮತ್ತೆ ಹಾಕಿಕೊಂಡಳು.

“ನರ್ಸುಗಳೆಲ್ಲ ಚಪ್ಪಾಳೆ ತಟ್ಟಿದ್ರು. ನಾನೂ ತಟ್ಟಿದೆ. ಎಂಟನೇದರ ತನಕ ನಾನೂ ನಗ್ತಾ ಇದ್ದೆ ಕಣೋ.”

ಆಲ್ವಿನ್‌ಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸೂಕ್ತ ಸಮಯ, ಬುಧವಾರದ ಭೇಟಿ, ಹೇಗೂ ಬೀಳುತ್ತಿದ್ದ ಮಸೂದೆ, ಎಲ್ಲವನ್ನೂ ರೈಲಿನಲ್ಲಿ ಚೆನ್ನಾಗಿ ಜೋಡಿಸಿಟ್ಟುಕೊಂಡಿದ್ದ. ಈಗ ಅದರಲ್ಲೊಂದನ್ನೂ ಹೊರಗೆ ತೆಗೆಯುವಂತಿರಲಿಲ್ಲ. ಮಾತಾಡಿದರೆ ಅಪ್ಪನಿಗೆ ಗುರುತು ಸಿಗುತ್ತದೆ. ಎರಡು ತಿಂಗಳಿಂದ ಆಲ್ವಿನ್ ಹಂಬಲಿಸಿದ್ದು ಅದೊಂದಕ್ಕೇ. ಇವತ್ತು ಅದಕ್ಕೇ ಅಂಜುತ್ತಿದ್ದ.

“ಮಾತಾಡು,” ಎಂದಳು ಈನಿಡ್. “ನಿನ್ನ ಮುಖ ಅವರಿಗೆ ಸಿಕ್ತಿಲ್ಲ. ನಿನ್ನೆಯಿಂದ ದನಿ ಸಿಗುತ್ತೆ.”

“ಅಪ್ಪಾ,” ಎಂದ ಆಲ್ವಿನ್.

ವಿಲ್ಫ್ ನೆಟ್ಟಗಾದ. ಎರಡೂ ಕೈ ಚಾಚಿ ಮಗನ ತೋಳು ಹಿಡಿದ. ಹಿಡಿತದಲ್ಲಿ ಇನ್ನೂ ಶಕ್ತಿಯಿತ್ತು.

“ಬಂದ್ಯಾ ಮಗನೇ! ಎಷ್ಟು ಚೆನ್ನಾಗಿ ಅಂದ್ಯೋ. ಇಷ್ಟು ವರ್ಷ ಎಲ್ಲಿಟ್ಟಿದ್ದೆ ಆ ಗಂಟಲನ್ನ? ಹೇಳು, ಏನು ಮಾಡಕ್ಕೆ ಹೊರಟಿದ್ರು ಆ ಬಡ್ಡೀಮಕ್ಕಳು? ಏನನ್ನ ತಡೆದೆ?”

“ಅದು... ತುಂಬ ವಿಷಯ ಇತ್ತಪ್ಪ.”

“ಒಂದಾದ್ರೂ ಹೇಳು.”

ಆಲ್ವಿನ್ ಸಾಕುಪ್ರಾಣಿಗಳನ್ನು ನೆನೆದ, ಶಾಲೆಯ ಹಾಲನ್ನು ನೆನೆದ. ಯಾವುದನ್ನು ಹೇಳಿದರೂ ನಾಚಿಕೆಗೇಡೇ. ತಲೆಯಾಡಿಸಿದ. ವಿಲ್ಫ್ ಆಮೇಲೆ, ಮಗ ದಣಿದಿದ್ದಾನೆಂದುಕೊಂಡನೋ ಏನೋ, ಮನೆಗೆ ಬಂದ ಇನ್ನೊಬ್ಬರನ್ನು ವಿಚಾರಿಸದೆ ಕೂತದ್ದು ಸರಿಯಲ್ಲವೆಂದು ಪಕ್ಕಕ್ಕೆ ತಿರುಗಿದ. ಈನಿಡ್‌ಳ ಒದ್ದೆ ಬೂಟು, ಕೋಟಿನ ಅಂಚಿಗೆ ಮೆತ್ತಿದ ಕೆಸರು ಅವನ ಕಣ್ಣಿಗೆ ಬಿತ್ತು.

“ನೀವು ಎಲ್ಲಿಂದ ಬಂದ್ರಮ್ಮ?” ಎಂದು ಬಹಳ ಮರ್ಯಾದೆಯಿಂದ ಕೇಳಿದ.

“ಕೆಳಗಿನ ಊರಿಂದ,” ಎಂದಳು ಈನಿಡ್. “ನಡ್ಕೊಂಡು ಬಂದೆ.”

“ಈ ಏರಿನಲ್ಲಾ? ಈ ವಯಸ್ಸಲ್ಲಿ?” ವಿಲ್ಫ್ ನಿಜವಾಗಿಯೂ ನೊಂದುಕೊಂಡ. “ಯಾಕಮ್ಮ, ಬಸ್ಸಿಲ್ವಾ?”

ಈನಿಡ್ ಎದ್ದು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡಳು.

“ನಿಮ್ಮ ಮಗನ್ನ ಕೇಳಿ,” ಎಂದಳು.